ದಿಡ್ಡಿ ಬಾಗಿಲ ಆಚೆಯವನು

ಕಥೆ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಂತಿತು, ಹೇಳುವವರು ಎದ್ದು ಹೋದರು ಅಂತಲೇ ಲೆಕ್ಕ. ಹಾವೇರಿಯ ಮನೆಯಲ್ಲಿ ರುದ್ರಮ್ಮ ಮಗನಿಗೆ ಕಲಿಸಿದ್ದ ಈ ಶಿಸ್ತನ್ನು ಅಭಿನವ್ ಮೂವತ್ತೇಳು ತುಂಬಿದರೂ ಬಿಟ್ಟಿರಲಿಲ್ಲ. ವೀಸಾ ಸ್ಟಾಂಪಿಂಗಿಗೆಂದು ಎರಡು ವಾರಕ್ಕೆ ಊರಿಗೆ ಹೋದವನು ಐದು ತಿಂಗಳಿಂದ ಅಲ್ಲೇ ಸಿಕ್ಕಿಕೊಂಡಿದ್ದ. ಇತ್ತ ಅಮೆರಿಕದ ಪಾರ್ಸಿಪನಿಯಲ್ಲಿ ಅವನ ಹೆಂಡತಿ ಅನುಶ್ರೀ ದಿನಾ ಬೆಳಿಗ್ಗೆ ಎಂಟಕ್ಕೆ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಲ್ಲಿಸಿ, ಅವನಿಗೆ ಫೋನಿನಲ್ಲಿ ಕಾದಂಬರಿ ಓದುತ್ತಿದ್ದಳು. ಅಲ್ಲಿ ಆಗ ಸಂಜೆ ಐದೂವರೆ. ಅವನು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಹೂಂ ಅನ್ನುತ್ತಿದ್ದ.

ಕಾದಂಬರಿ ಆರು ಸಂಪುಟದ್ದು. ಹುಲಿಮರಡಿ ಕೋಟೆಯ ಸೂರಪ್ಪನಾಯಕನ ಕಥೆ. ಇಬ್ಬರ ಪರಿಚಯವೂ ಅದರಿಂದಲೇ ಆದದ್ದು; ಕಾಲೇಜಿನ ಲೈಬ್ರರಿಯಲ್ಲಿ ಮೂರನೆಯ ಸಂಪುಟವನ್ನು ಅವನು ತಿಂಗಳುಗಟ್ಟಲೆ ಹಿಂದಿರುಗಿಸದೆ ಇಟ್ಟುಕೊಂಡಿದ್ದ, ಇವಳು ಜಗಳಕ್ಕೆ ಹೋಗಿದ್ದಳು. ಮುತ್ತಿಗೆಯ ದಿನ ನಾಯಕನ ತಮ್ಮ ಸಿದ್ದನಾಯಕ ಗಾಯಗೊಂಡು, ನಲವತ್ತು ಸವಾರರ ಜೊತೆ ಕೋಟೆಯ ದಿಡ್ಡಿ ಬಾಗಿಲಿಗೆ ಓಡಿ ಬರುತ್ತಾನೆ. ಬೆನ್ನ ಹಿಂದೆಯೇ ವೈರಿಯ ದಂಡು. ಒಳಗಿದ್ದ ಅಣ್ಣ ಅಗುಳಿ ಹಾಕಿಸುತ್ತಾನೆ. ಕೋಟೆ ಉಳಿಯುತ್ತದೆ. ಅಲ್ಲಿಂದ ಮುಂದೆ ನಾಲ್ಕು ಸಂಪುಟ ಸೂರಪ್ಪನಾಯಕ ನಿದ್ದೆ ಮಾಡುವುದಿಲ್ಲ.

“ನಿಮ್ಮ ನಾಯಕ ಇವತ್ತರ ಮಲಗತಾನೋ ಇಲ್ಲೋ?” ಎಂದು ಅಭಿನವ್ ಮೊದಲಿನಿಂದಲೂ ಕೆಣಕುತ್ತಿದ್ದ.

“ನಿನ್ನಂಗ ದಿಂಬು ಕಂಡ ಕೂಡಲೇ ಗೊರಕಿ ಹೊಡಿಯೋನಲ್ಲ ಅಂವ.”

“ಹಂಗಾರ ಒಂದು ಗುಳಿಗಿ ಕಳಿಸು ಅವಗ.”

ಹದಿನಾರರಲ್ಲಿ ಅನುಶ್ರೀ ಆ ನಾಯಕನಿಗಾಗಿ ಅತ್ತಿದ್ದಳು. ಇಪ್ಪತ್ತೆರಡರಲ್ಲಿ ಅವನು ಮಾಡಿದ್ದೇ ಸರಿ ಎಂದು ಹಾಸ್ಟೆಲಿನಲ್ಲಿ ವಾದಿಸಿದ್ದಳು. ಈಗ ಅವನಿಗೆ ಓದಿ ಹೇಳಲೆಂದು ಮುಂಚೆಯೇ ಮೂರನೆಯ ಸಲ ಓದಿಕೊಂಡಾಗ ಬೇರೇನೋ ಕಂಡಿತು. ನಾಯಕನ ಸಂಕಟಕ್ಕೆ ಸಾವಿರದೈನೂರು ಪುಟ ಇತ್ತು. ಬಾಗಿಲ ಹೊರಗಿದ್ದ ತಮ್ಮನಿಗೆ ಸಿಕ್ಕಿದ್ದು ಒಂದೇ ವಾಕ್ಯ: ‘ಹೊರಗೆ ಯಾರೋ ಕೂಗಿದಂತಾಯಿತು.’ ಅಷ್ಟೇ. ಆ ನೋವು ಎಷ್ಟು ಚೆಂದವಾಗಿತ್ತೆಂದರೆ, ಹೊರಗೆ ನಿಂತವನನ್ನು ಓದುಗರೂ ಮರೆತುಬಿಟ್ಟಿದ್ದರು. ಅವಳೂ ಮರೆತಿದ್ದಳು.

ಇದು ಈಗ ಕಣ್ಣಿಗೆ ಬಿದ್ದುದಕ್ಕೆ ಕಾರಣವಿತ್ತು. ಮಾರ್ಚ್ ಹನ್ನೊಂದರಂದು ಕಾನ್ಸುಲೇಟಿನಿಂದ ಒಂದು ಇಮೇಲ್ ಬಂದಿತ್ತು. ಅಭಿನವ್ ಇನ್ನೊಂದು ಕಾಗದ ಒದಗಿಸಬೇಕು, ಅರವತ್ತು ದಿನದೊಳಗೆ. ಇಲ್ಲದಿದ್ದರೆ ಅರ್ಜಿ ಮುಗಿದಂತೆ. ಇಬ್ಬರಿಗೂ ಸೇರಿದ ಆ ಇಮೇಲ್ ವಿಳಾಸವನ್ನು ನೋಡಿಕೊಳ್ಳುತ್ತಿದ್ದವಳು ಅವಳೊಬ್ಬಳೇ. ಅವಳು ಓದಿದಳು, ಕಣ್ಣಿಗೆ ಕಾಣದ ಫೋಲ್ಡರಿಗೆ ಸರಿಸಿದಳು. ಅಭಿನವ್ ಕೆಟ್ಟವನಲ್ಲ. ಅವನು ಹೋದ ಮೇಲೆ ಅವಳಿಗೆ ನಿದ್ದೆ ಬರತೊಡಗಿತ್ತು, ಅಷ್ಟೇ. ಗಾಢವಾದ, ಕನಸಿಲ್ಲದ, ಮಂಚದ ಅಡ್ಡಡ್ಡ ಮಲಗುವ ನಿದ್ದೆ. ನಾಳೆ ಹೇಳೋಣ ಎಂದುಕೊಂಡೇ ಐವತ್ತಾರು ದಿನ ಕಳೆದಿತ್ತು. ಇವತ್ತು ಮೇ ಆರು. ಉಳಿದದ್ದು ನಾಲ್ಕು.

ಅವತ್ತು ಓದಬೇಕಾಗಿದ್ದ ಅಧ್ಯಾಯವೂ ಅದೇ, ಅಗುಳಿಯದು.

ಕೋವಿಡ್ ನಂತರ ಅರ್ಧ ಖಾಲಿಯಾಗಿದ್ದ ಆಫೀಸ್ ಪಾರ್ಕಿನಲ್ಲಿ ಬಿಸಿಲು ಚೆನ್ನಾಗಿ ಬಿದ್ದಿತ್ತು. ಹುಲ್ಲಿನ ಮೇಲೆ ಹೆಬ್ಬಾತುಗಳು ಓಡಾಡುತ್ತಿದ್ದವು. ಅವಳು ಕಿಟಕಿ ಏರಿಸಿ, ಪುಸ್ತಕವನ್ನು ಸ್ಟೀರಿಂಗಿಗೆ ಒರಗಿಸಿಕೊಂಡು ಓದಿದಳು. ಅಭಿನವ್ ಹೂಂ ಅಂದ. ಕುದುರೆಗಳು ಕಣಿವೆ ದಾಟಿದವು, ಹೂಂ. ಕಾವಲಿನವನು ಬುರುಜಿನಿಂದ ಕೂಗಿದ; ಹೂಂ. ಲೈನು ಅಷ್ಟು ಚೆನ್ನಾಗಿರಲಿಲ್ಲ. ದನಿ ದಪ್ಪ ಹಲಗೆಯ ಆಚೆಯಿಂದ ಬಂದ ಹಾಗಿತ್ತು.

‘ಹೊರಗೆ ಯಾರೋ ಕೂಗಿದಂತಾಯಿತು’ ಎಂಬಲ್ಲಿಗೆ ಬಂದು ಅವಳು ನಿಲ್ಲಿಸಿದಳು.

“ತರುವಾಯ?” ಎಂದಿತು ದನಿ.

ಅಭಿನವ್ ‘ಮುಂದ?’ ಅನ್ನುವವನು. ಪುಸ್ತಕದವರ ಹಾಗೆ ಅಣಕಿಸುತ್ತಿದ್ದಾನೆ ಅಂದುಕೊಂಡು ಅವಳು ನಕ್ಕಳು. ಆಮೇಲೆ, ಯಾಕೋ, ಪುಸ್ತಕ ಮುಚ್ಚಿದಳು.

“ಯಾರೋ ಅಲ್ಲ. ಅವಗ ದನಿ ಗುರ್ತು ಸಿಕ್ಕಿತ್ತು,” ಎಂದಳು. “ಸಿದ್ದನಾಯಕ ಅಣ್ಣನ ಹೆಸರು ಹಿಡದು ಕರದಾನ. ಕೇಳಿಸಿಕೊಂಡೇ ಅಗುಳಿ ಹಾಕಿಸಿದ.”

“ಹೂಂ.”

“ವೈರಿಗೆ ಹೆದರಿ ಅಲ್ಲ. ತಮ್ಮ ಇಲ್ಲದ ಕ್ವಾಟಿ ಹೆಂಗಿರತದ ಅಂತ ಅವಗ ಒಂದು ಕ್ಷಣ ಅನಿಸಿರಬೇಕು.”

“ಹೂಂ.”

ಆ ಹೂಂ ಶಾಂತವಾಗಿತ್ತು. ಮೊದಲೇ ಗೊತ್ತಿದ್ದುದನ್ನು ಮತ್ತೆ ಕೇಳುವವರ ಹೂಂ. ಅದರ ಮೇಲೆ ಕಾಲಿಟ್ಟು ಮೆಟ್ಟಿಲಿಳಿದ ಹಾಗೆ ಅವಳು ಒಂದೊಂದೇ ಮಾತು ಇಳಿದಳು. ಇಮೇಲು ಬಂದದ್ದು, ಹೂಂ. ಸರಿಸಿದ್ದು, ಹೂಂ. ದಿನಾ ‘ಏನರ ಬಂತೇನು?’ ಎಂದು ಅವನು ಕೇಳಿದಾಗ ಇಲ್ಲ ಅಂದದ್ದು, ಹೂಂ. ನಿದ್ದೆಯ ವಿಷಯ. ಅದಕ್ಕೂ ಹೂಂ. ಇಷ್ಟು ಸುಲಭವಿತ್ತೇ ಎಂದು ಅವಳ ಕಣ್ಣು ತುಂಬಿತು.

ಆಗ ಫೋನು ರಿಂಗಾಯಿತು. ಪರದೆಯ ಮೇಲೆ ಅಭಿನವ್‌ನ ಹೆಸರು.

ಅವಳು ಎತ್ತದೆ ನೋಡಿದಳು. ಹಿಂದಿನ ಕರೆ ಹನ್ನೊಂದು ನಿಮಿಷಕ್ಕೇ ಕಡಿದುಹೋಗಿತ್ತು. ಅವಳು ಓದುತ್ತ, ಮಾತಾಡುತ್ತ ಮುಕ್ಕಾಲು ಗಂಟೆಯಾಗಿತ್ತು. ಕಾರಿನ ಸ್ಪೀಕರಿನ ದೀಪವೂ ಆರಿತ್ತು. ಇಷ್ಟು ಹೊತ್ತೂ ದನಿ ಸ್ಪೀಕರಿನಿಂದ ಬರುತ್ತಿರಲಿಲ್ಲ ಎಂಬುದು ಅವಳಿಗೆ ಈಗ ನೆನಪಾಯಿತು. ಅದು ಬರುತ್ತಿದ್ದುದು ಎಡಗಡೆಯಿಂದ, ಅವಳ ಕಿವಿಗೆ ಒಂದು ಗೇಣಿನಾಚೆ, ಏರಿಸಿದ ಗಾಜಿನ ಹೊರಗಿನಿಂದ.

ತಿರುಗಿ ನೋಡಿದಳು. ಬಿಸಿಲು. ಹೆಬ್ಬಾತುಗಳೆಲ್ಲ ಲಾಟಿನ ಆ ತುದಿಗೆ ಸರಿದು, ಒತ್ತೊತ್ತಾಗಿ ನಿಂತು, ಅವಳ ಕಾರಿನ ಕಡೆಗೇ ನೋಡುತ್ತಿದ್ದವು.

ಫೋನು ನಿಂತು ಮತ್ತೆ ರಿಂಗಾಯಿತು. ಎತ್ತಿದಳು.

“ಲೈನ್ ಕಟ್ ಆತಲ್ಲ, ನೀ ಮತ್ತ ಮಾಡಲೇ ಇಲ್ಲ,” ಎಂದ ಅಭಿನವ್. “ಮೂರು ಸಲ ಹಚ್ಚೀನಿ, ಬಿಜಿ ಬಿಜಿ ಅಂತು. ಯಾರ ಜೋಡಿ ಮಾತಾಡಾಕತ್ತಿದ್ದಿ?”

ಅವನು ಏನೂ ಕೇಳಿಸಿಕೊಂಡಿರಲಿಲ್ಲ. ಎಲ್ಲವೂ ಮೊದಲಿನ ಹಾಗೇ ಇತ್ತು; ಬಾಯಿ ಮುಚ್ಚಿಕೊಂಡು ನಾಲ್ಕು ದಿನ ಕಳೆದರೆ ಸಾಕು. ಆದರೆ ಗಾಜಿನಾಚೆ ಯಾರೋ ಮುಂದಿನ ಮಾತಿಗೆ ಕಾಯುತ್ತಿದ್ದಾರೆ ಎಂಬುದು ಅವಳ ಕತ್ತಿನ ರೋಮಕ್ಕೆ ತಿಳಿಯುತ್ತಿತ್ತು. ನಾಲ್ಕೂ ಕಿಟಕಿಗಳನ್ನು ಇಳಿಸಿದಳು. ಗಾಳಿ ಒಳಗೆ ನುಗ್ಗಿ ಪುಸ್ತಕದ ಹಾಳೆಗಳನ್ನು ಪಟಪಟ ಬಡಿಯಿತು.

“ಅಭಿ, ಕಾನ್ಸುಲೇಟಿಂದ ಮೇಲ್ ಬಂದಿತ್ತು.”

“ಯಾವಾಗ?”

“ಮಾರ್ಚ್ ಹನ್ನೊಂದಕ್ಕ. ನಾ ಬೇಕಂತಲೇ ಹೇಳಲಿಲ್ಲ. ನೀ ಬರೋದು ನನಗ ಬ್ಯಾಡಾಗಿತ್ತು.” ಫೋನಿನಲ್ಲಿ ಹುಡುಕಿ ಫಾರ್ವರ್ಡ್ ಒತ್ತಿದಳು. “ಈಗ ಕಳಿಸೀನಿ. ಇನ್ನೂ ನಾಕು ದಿನ ಅದಾವು. ಒಂದೇ ಕಾಗದ, ನಿನ್ನ ಬ್ಯಾಗಿನಾಗ ಐತಿ. ಬರೋದು ಬಿಡೋದು ನಿನಗ ಬಿಟ್ಟದ್ದು.”

ಅತ್ತ ಕಡೆ ಮೊದಲ ಬಾರಿಗೆ ಹೂಂ ಬರಲಿಲ್ಲ. ಅವನ ಉಸಿರು ಕೇಳಿಸುತ್ತಿತ್ತು. ಇಮೇಲು ತಲುಪಿದ ಟಿಣ್ ಸದ್ದೂ ಕೇಳಿಸಿತು. ಅವಳು ಕಾದಳು.

ದೂರದಿಂದ, ಅಡುಗೆಮನೆಯಿಂದಿರಬೇಕು, ರುದ್ರಮ್ಮನ ದನಿ ತೇಲಿ ಬಂತು. “ಯಾರದಪಾ ಫೋನು? ಅನುಂದೇನು?”

ಅಭಿನವ್ ಉತ್ತರ ಕೊಟ್ಟ. ಅವಳಿಗಲ್ಲ, ತಾಯಿಗೆ.

“ಯಾರಿಲ್ಲ ಬೇ,” ಎಂದ. “ಬರೇ ಗಾಳಿ ಸಪ್ಪಳ.”