ತುಕ್ಕುಡಿ

ಬೈಕಿನವನೊಬ್ಬ ಬಂಟ್ವಾಳದ ಬಸ್ಸಿನ ಪಕ್ಕಕ್ಕೇ ಬಂದ, ಕೈಗೆ ಚರ್ಮದ ಗ್ಲೌಸು, ಬ್ರೇಕು ಹಿಡಿದಾಗ ಬೆರಳ ಬುಡ ಎಷ್ಟು ಚೆನ್ನಾಗಿ ಹಿಗ್ಗಿತು — ತುಕ್ಕುಡಿ ಇದೆ, ಪೂವಮ್ಮನಿಗೆ ಕಿಟಕಿಯಿಂದಲೇ ಗೊತ್ತಾಯಿತು, ಎರಡು ಬೆರಳು ಸೇರುವ ಮೂಲೆಗೆ ಹೊಲಿಯುವ ಉಗುರಿನಷ್ಟು ಚರ್ಮ, ಎಣ್ಣೆಯಲ್ಲಿ ಕರಿಯುವ ತುಕ್ಕುಡಿಯ ಹಾಗೆ ನಾಲ್ಕು ಮೂಲೆ, ಆ ಹೆಸರಿಟ್ಟದ್ದು ಅವಳೇ, ಹತ್ತೊಂಬತ್ತು ವರ್ಷ ತೋಡಾರಿನ ಶೆಡ್ಡಿನಲ್ಲಿ ಗ್ಲೌಸು ಹೊಲಿದವಳು ಇಡದೆ ಇನ್ಯಾರು ಇಡಬೇಕು, ಬೆರಳ ಬದಿಯ ಉದ್ದ ಪಟ್ಟಿ ನಾಲಿಗೆ, ಹೆಬ್ಬೆರಳು ಹೊರಬರುವ ತೂತು ಕಿಟಕಿ, ಎಲ್ಲವನ್ನೂ ಬಾಯಿಬಿಟ್ಟು ಹೇಳಿದಳಲ್ಲ ದಡ್ಡಿ, ಹೇಳಿ ಪೂವಕ್ಕ, ಹೊಸಬರಿಗೆ ಕಲಿಸ್ಲಿಕ್ಕೆ ಬೇಕು ಅಂತ ಸೂಪರ್‌ವೈಸರ್ ಶ್ರವಣ್ ಮೊಬೈಲು ಹಿಡಿದು ನಿಂತಾಗ, ಎರಡು ದಿನ, ಗಂಟಲು ಒಣಗುವ ತನಕ, ಕೊನೆಗೆ ತುಕ್ಕುಡಿ ಎತ್ತಿಕೊಂಡು, ಇದನ್ನು ಮಾತ್ರ ಚರ್ಮ ಎಳೆದು ನೋಡಿ ಓರೆಯಾಗಿ ಕತ್ತರಿಸ್ಬೇಕು, ಯಾಕಂದ್ರೆ — ಸಾಕು ಪೂವಕ್ಕ, ಇಷ್ಟು ಸಣ್ಣದಕ್ಕೆಲ್ಲ ಎಂತ ವಿಡಿಯೋ ಮಾರಾಯ್ರೆ. ಮರುವಾರವೇ, ಕಣ್ಣು ಮಂಜಾಗಿದೆ ನಿಮ್ಗೆ, ಇನ್ನು ಮನೆಯಲ್ಲೇ ಆರಾಮಲ್ಲಿರಿ. ಮಂಜಂತೆ! ಏರಿದ ಏಣಿಯನ್ನೇ ಒದ್ದವನು, ಈಗ ಹೊಸ ಹುಡುಗಿಯರ ಮುಂದೆ ನಾಲಿಗೆ, ಕಿಟಕಿ ಅಂತ ಪಾಠ ಹೇಳುತ್ತಾನೆ, ಮಾತು ಅವಳದು, ಬಾಯಿ ಅವನದು.

ಮಡಿಲಲ್ಲಿ ಫೋನು ನಡುಗುತ್ತಿದೆ, ಏಳನೇ ಸಲ, ಅವನೇ, ಬಡ್ಕೊಳ್ಳಲಿ, ಬೆಳಿಗ್ಗೆಯೇ ಪಕ್ಕದ ಮಿಷನ್ನಿನ ಭವ್ಯಶ್ರೀ ಹೇಳಿಯಾಗಿದೆ, ಮಾಲು ಕೊಳ್ಳುವವರು ಬಂದು ಗ್ಲೌಸು ಹಾಕಿ ಮುಷ್ಟಿ ಹಿಡಿದ್ರು ಪೂವಕ್ಕ, ತುಕ್ಕುಡಿ ಹತ್ರ ಪರ್ರಂತ ಹರೀತು, ಶ್ರವಣನ ಮುಖ ನೋಡ್ಬೇಕಿತ್ತು ನೀವು. ಹರಿಯಲಿ, ಒಂದೊಂದು ಜೊತೆಯೂ ಹರಿಯಲಿ, ಅವನ ಮರ್ಯಾದೆಯೂ ಹಾಗೆಯೇ ಹರಿಯಲಿ, ಫೋನು ಎತ್ತಿದಳು — ಪೂವಕ್ಕಾ, ಆ ತುಕ್ಕುಡಿ ಹೇಗೆ ಕತ್ತರಿಸುವುದು, ಒಮ್ಮೆ ಬಂದು ತೋರ್ಸಿ, ನಿಮ್ಮ ಮಿಷನ್ನು ಖಾಲಿಯೇ ಉಂಟು, ನಾಳೆಯಿಂದ್ಲೇ ಕೆಲಸಕ್ಕೆ ಬನ್ನಿ, ಕಾಲಿಗೆ ಬೀಳ್ತೇನೆ. ಖಾಲಿಯೇ ಉಂಟು, ಕಿಟಕಿ ಪಕ್ಕದ ಮಿಷನ್ನು, ಅವಳ ಕಾಲಿನ ಅಳತೆಗೆ ಸವೆದ ಪೆಡಲು, ಗಂಟಲವರೆಗೆ ಬಂದ ಹೂಂ ಅನ್ನು ನುಂಗಿ, ಇಷ್ಟು ಸಣ್ಣದಕ್ಕೆಲ್ಲ ಎಂತ ಫೋನು ಮಾರಾಯ, ಅಂದಳು, ಇಟ್ಟಳು, ಆಹಾ, ಆರು ತಿಂಗಳ ಉರಿಗೆ ನೀರು ಬಿದ್ದ ಹಾಗಾಯಿತು, ಇನ್ನು ಅವನು ಕರೆಯುವುದಿಲ್ಲ, ಕರೆಯುವುದೇ ಇಲ್ಲ, ಸಿದ್ಧಕಟ್ಟೆ ಬಂತು, ಟಿಕೆಟ್ ತೋರ್ಸಿ ಅಕ್ಕ, ಚೆಕ್ಕಿಂಗ್‌ನವನು ನಿಂತಿದ್ದಾನೆ, ಕೈ ಬಿಡಿಸಿದಳು — ಬೆರಳುಗಳು ಅವಳನ್ನು ಕೇಳದೆ ಟಿಕೆಟನ್ನು ಮಡಚಿ, ಓರೆಯಾಗಿ ಹರಿದು, ಉಗುರಿನಷ್ಟಾಗಿಸಿವೆ, ಅಂಗೈ ಮೇಲೆ ನಾಲ್ಕು ಮೂಲೆ, ಒಂದು ಕೂದಲಷ್ಟೂ ಹೆಚ್ಚುಕಡಿಮೆಯಿಲ್ಲ, ತುಕ್ಕುಡಿ, ಹೊಲಿಯಲು ಗ್ಲೌಸಿಲ್ಲ, ತುಕ್ಕುಡಿ