ನಲ್ಲಿ ಹತ್ತಿರದ ಸೊಪ್ಪು

ಮಗಳು ಎರಡನೇ ಸಲ ಬಡಿಸಿಕೊಂಡಾಗ ನನ್ನ ಹೊಟ್ಟೆ ತಣ್ಣಗಾಯಿತು. ಬಸುರಿಯಾದಾಗಿನಿಂದ ಅವಳಿಗೆ ತಿಂದದ್ದೆಲ್ಲ ವಾಂತಿ. ಮೈಯಲ್ಲಿ ರಕ್ತವೇ ಇಲ್ಲ, ಸೊಪ್ಪು ತಿನ್ನಿಸಿ ಎಂದು ಡಾಕ್ಟರು ನನ್ನನ್ನೇ ಗದರಿದ್ದರು. ಅಂಗಡಿಯಿಂದ ತಂದ ಸೊಪ್ಪಿಗೆಲ್ಲ ಮೂಗು ಮುರಿದವಳು ಅವತ್ತು ಗೋಣಿಸೊಪ್ಪನ್ನು ಬಾಯಿ ಚಪ್ಪರಿಸಿಕೊಂಡು ತಿನ್ನುತ್ತಿದ್ದಳು.

ಅತ್ತೆ ಬೆಳಿಗ್ಗೆ ಆಟದ ಮೈದಾನದಿಂದ ಚೀಲದ ತುಂಬ ಕಿತ್ತು ತಂದಿದ್ದರು. ಬಿತ್ತಿದವರಿಲ್ಲ, ನೀರು ಹಾಕಿದವರಿಲ್ಲ, ನೆಲಕ್ಕಂಟಿ ತನ್ನ ಪಾಡಿಗೆ ಬೆಳೆಯುವ ಸೊಪ್ಪು. ದಪ್ಪ ಎಲೆ, ಕೆಂಪು ದಂಟು. ಮಣ್ಣು ಹೋಗುವ ತನಕ ತೊಳೆದು, ಎಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಸೊಪ್ಪನ್ನು ಹಾಗೇ ಬಾಡಿಸಿದ್ದೆ. ಜಾಸ್ತಿ ಬೇಯಿಸಿದರೆ ಲೋಳೆ ಲೋಳೆಯಾಗುತ್ತದೆ.

"ಹುಳಿಹುಳಿಯಾಗಿ ಎಷ್ಟು ಚೆನ್ನಾಗಿದೆ! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಅಮ್ಮ?"

"ನಿಮ್ಮಜ್ಜಿನ ಕೇಳು" ಎಂದೆ. ಅತ್ತೆ ಬೀಗಿದರು. ನಾವಿಬ್ಬರೂ ಇನ್ನೂ ಊಟಕ್ಕೆ ಕೂತಿರಲಿಲ್ಲ.

ಅಷ್ಟರಲ್ಲಿ ನಮ್ಮ ಯಜಮಾನರು ಬಂದರು. ಆ ಮೈದಾನ ನೋಡಿಕೊಳ್ಳುವ ಕೆಲಸ ಅವರದು. ಹುಲ್ಲು ಕತ್ತರಿಸುತ್ತಾರೆ, ಕಳೆಗೆ ಔಷಧಿ ಹೊಡೆಯುತ್ತಾರೆ. ಔಷಧಿ ಹೊಡೆದ ಕಡೆ ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟುತ್ತಾರೆ. ಆ ಬಟ್ಟೆ ಕಂಡರೆ ನಮ್ಮ ಮನೆಯಲ್ಲಿ ಯಾರೂ ಅತ್ತ ಸುಳಿಯುವುದಿಲ್ಲ.

ತಟ್ಟೆ ನೋಡಿದ್ದೇ ಅವರ ಮುಖ ಬಿಳುಚಿಕೊಂಡಿತು.

"ಇದನ್ನ ಎಲ್ಲಿ ಕಿತ್ತೆ ಅಮ್ಮ?" ಎಂದು ಅತ್ತೆಯನ್ನು ಕೇಳಿದರು.

"ನಲ್ಲಿ ಹತ್ರ, ಗೋಡೆ ಪಕ್ಕ. ಯಾಕೋ?"

"ಅಲ್ಲಿ ನಿನ್ನೆ ಸಂಜೆ ಔಷಧಿ ಹೊಡೆದಿದ್ದೀನಲ್ಲಮ್ಮ!"

"ಬರೀ ಗೂಟ ಇತ್ತು ಕಣೋ, ಬಟ್ಟೆ ಇರಲಿಲ್ಲ. ನನ್ನ ಕಣ್ಣಿಗೇನು ಧಾಡಿ?"

ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟರು. ಔಷಧಿ ಹೊಡೆಯುವ ಪೈಪು ಸೋರುತ್ತಿತ್ತಂತೆ. ಕೈಗೆ ಬೇರೇನೂ ಸಿಗದೆ ಗೂಟದ ಬಟ್ಟೆಯನ್ನೇ ಬಿಚ್ಚಿ ಪೈಪಿಗೆ ಸುತ್ತಿದ್ದರಂತೆ. ಆಮೇಲೆ ಬೇರೆ ಕಟ್ಟಿದರಾಯಿತು ಎಂದುಕೊಂಡವರು ಮರೆತೇಬಿಟ್ಟಿದ್ದರು.

"ನಿಮ್ಮ ಮರೆವಿಗಿಷ್ಟು ಬೆಂಕಿ ಹಾಕ!" ಎಂದು ಕಿರುಚಿದೆ.

ಮಗಳು ಬಾಯಲ್ಲಿದ್ದ ತುತ್ತನ್ನು ತಟ್ಟೆಗೆ ಉಗುಳಿದಳು. ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡಿದಳು. "ಅಮ್ಮ, ಮಗೂಗೇನಾದ್ರೂ ಆಗುತ್ತಾ?"

ಟ್ಯಾಕ್ಸಿ ಕರೆದೆ. ಉಳಿದ ಸೊಪ್ಪನ್ನು ಡಾಕ್ಟರಿಗೆ ತೋರಿಸಬೇಕು ಎಂದು ಡಬ್ಬಿಗೆ ತುಂಬಿ ಯಜಮಾನರ ಕೈಗೆ ಕೊಟ್ಟೆ. ಅತ್ತೆ ಬಾಗಿಲಲ್ಲೇ ಕುಸಿದು ಕೂತು, "ಮುದುಕಿ ನಾನು ತೆಪ್ಪಗೆ ಬಿದ್ದಿರಬಾರದಿತ್ತೆ" ಎಂದು ಅಳುತ್ತಿದ್ದರು. ಸಮಾಧಾನ ಮಾಡಲೂ ಪುರುಸೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಮಗಳನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ನಾನು ಅತ್ತಿಂದಿತ್ತ, ಇತ್ತಿಂದತ್ತ ತಿರುಗಿದೆ. ಒಮ್ಮೆ ತಿರುಗಿ ನೋಡುತ್ತೇನೆ, ಬೆಂಚಿನ ಮೇಲೆ ಕೂತ ಈ ಮಹಾನುಭಾವರು ಡಬ್ಬಿ ತೆರೆದು ಸೊಪ್ಪನ್ನು ಮುಕ್ಕುತ್ತಿದ್ದಾರೆ!

"ಅಯ್ಯೋ, ತಲೆ ಕೆಟ್ಟಿದೆಯೇನ್ರೀ?" ಡಬ್ಬಿ ಕಿತ್ತುಕೊಂಡೆ. ಬರಿದಾಗಿತ್ತು.

"ಅವಳಿಗೆ ಏನಾಗುತ್ತೋ ಅದು ನನಗೂ ಆಗಲಿ ಕಣೇ" ಎಂದರು. ಗಲ್ಲದ ಮೇಲೆ ನೀರಿಳಿಯುತ್ತಿತ್ತು.

ಆಗಲೇ ನರ್ಸ್ ಬಾಗಿಲು ತೆರೆದಳು. "ಸೊಪ್ಪು ತಂದಿದ್ದೀವಿ ಅಂದ್ರಲ್ಲ, ಕೊಡಿ. ಡಾಕ್ಟರು ನೋಡ್ಬೇಕಂತೆ."

ನಾನು ಖಾಲಿ ಡಬ್ಬಿ ತೋರಿಸಿ, ಆಮೇಲೆ ಯಜಮಾನರನ್ನು ತೋರಿಸಿದೆ. ಅವಳು ಹಣೆ ಹಣೆ ಚಚ್ಚಿಕೊಂಡು ಅವರನ್ನೂ ಒಳಗೆ ಎಳೆದುಕೊಂಡು ಹೋಗಿ ಮಗಳ ಪಕ್ಕದ ಮಂಚದಲ್ಲೇ ಮಲಗಿಸಿದಳು. ನಾನೂ ಅವರ ಹಿಂದೆಯೇ ಒಳಗೆ ನುಗ್ಗಿದೆ.

ಡಾಕ್ಟರು ಮಗಳ ಹೊಟ್ಟೆಯ ಮೇಲೆ ಮಗುವಿನ ಎದೆಬಡಿತ ಕೇಳುವ ಯಂತ್ರ ಇಟ್ಟರು. ಬರೀ ಗೊರಗೊರ ಸದ್ದು. ಸ್ವಲ್ಪ ಸರಿಸಿ ಇಟ್ಟರು. ಆಗಲೂ ಅದೇ. ನಾನು ಮಂಚದ ಕಂಬಿ ಹಿಡಿದುಕೊಂಡೆ. ಮತ್ತೆ ಸರಿಸಿದರು, ಡಬಡಬಡಬ ಎಂದು ಕೋಣೆ ತುಂಬ ಕೇಳಿಸಿತು.

"ಎದೆಬಡಿತ ಚೆನ್ನಾಗಿದೆ. ತೊಳೆದು ಬೇಯಿಸಿದ್ದೀರಿ, ಬೇಗ ಕರೆದುಕೊಂಡೂ ಬಂದಿದ್ದೀರಿ. ಆದ್ರೂ ಇಬ್ಬರೂ ನಾಳೆವರೆಗೆ ಇಲ್ಲೇ ಇರಲಿ" ಎಂದರು ಡಾಕ್ಟರು.

ಯಜಮಾನರು ಗೋಡೆ ಕಡೆ ತಿರುಗಿ ಬಿಕ್ಕತೊಡಗಿದರು. ಮಗಳು ಕೈ ಚಾಚಿ ಅವರ ತೋಳು ಅಲ್ಲಾಡಿಸಿದಳು.

"ಅಪ್ಪ, ಎಲ್ಲಾ ನೀನೇ ತಿಂದ್ಬಿಟ್ಯಾ? ನನಗೆ ಇನ್ನೂ ಹಸಿವು."