ಬೇಕರಿ ಒಲೆಯ ಬಿದಿರು

ಗರಗಸದ ಪುಡಿ ಮೂಗಿಗೆ ಬಡಿದದ್ದೇ ಅಕ್ಕನ ಕೈ ನಿಂತುಬಿಟ್ಟಿತು. ಬಿದಿರು ಕೊಯ್ದರೆ ಒಣಹುಲ್ಲಿನ ವಾಸನೆ ಬರಬೇಕು. ಇದು ಬಿಸ್ಕತ್ತಿನ ವಾಸನೆ!

"ಏಯ್, ಬಾ ಇಲ್ಲಿ. ಈ ಗಳ ಎಲ್ಲಿ ಒಣಗಿಸಿದ್ದು?"

"ಪಕ್ಕದ ಬೇಕರಿಯವ್ನ ಒಲೇಲಿ," ಎಂದ ತಮ್ಮ. "ಬ್ರೆಡ್ ತೆಗೆದ ಮೇಲೂ ಬಿಸಿ ಹಾಗೇ ಇರುತ್ತೆ. ಎರಡೇ ದಿನಕ್ಕೆ ಗರಿಗರಿ!"

ಬಿದಿರಿನ ಸೈಕಲ್ ಕಟ್ಟುವವಳು ಅಕ್ಕ, ಮಾರುವವನು ತಮ್ಮ. ಗಳ ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಬೇಕು. ಆಮೇಲೆ ಗಳಗಳನ್ನು ಜೋಡಿಸಿ, ಅಂಟಿನಲ್ಲಿ ಅದ್ದಿದ ನಾರನ್ನು ಸಂದುಗಳಿಗೆ ಬಿಗಿಯಾಗಿ ಸುತ್ತಬೇಕು. ಅವಸರಕ್ಕೆ ಕಾಯಿಸಿದರೆ ಬಿದಿರು ಒಳಗೊಳಗೇ ಕೂದಲೆಳೆಯಷ್ಟು ಸೀಳುತ್ತದೆ. ಮೇಲೆ ವಾರ್ನಿಷ್ ಬಿದ್ದರಂತೂ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇವತ್ತು ಗಿರಾಕಿಗೆ ಕೊಡಬೇಕಿದ್ದ ಸೈಕಲ್ ಬಾಗಿಲ ಬಳಿ ಫಳಫಳ ಹೊಳೆಯುತ್ತ ನಿಂತಿತ್ತು. ಅವಳು ಅದರ ಕಡೆ ತಿರುಗಿದಳು. "ನರ್ಸಮ್ಮಂದು?"

"ಅದೂ ಅದೇ ಗಳ, ನಾನೇ ಕೊಯ್ದು ಕೊಟ್ಟಿದ್ನಲ್ಲ. ಏನೂ ಆಗಲ್ಲ ಬಿಡಕ್ಕ."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ನರ್ಸಮ್ಮ ದಿನಾ ಆಸ್ಪತ್ರೆಯ ಇಳಿಜಾರಿನಲ್ಲಿ ಓಡಾಡುವವಳು. 'ನಮ್ಮಕ್ಕ ಕಟ್ಟಿದ್ದು, ಕಣ್ಮುಚ್ಕೊಂಡು ಹತ್ತಿ' ಎಂದು ಅವಳಿಗೆ ಹೇಳಿದವನೂ ಇದೇ ಮಹಾಶಯ. ಸೀಳುವುದು ಇವನ ಬಿದಿರು, ಕೆಡುವುದು ಅಕ್ಕನ ಹೆಸರು, ಮುರಿಯುವುದು ಮಾತ್ರ ಆ ಹೆಂಗಸಿನ ಕುತ್ತಿಗೆ. ಎಂಥ ನಾಚಿಕೆಗೇಡು!

"ಕುತ್ತಿಗೆ ಇನ್ಯಾರದ್ದೋ ತಾನೆ, ನಿಂಗೇನಾಗುತ್ತೆ! ಇದನ್ನ ಕೊಡಲ್ಲ. ಹೊಸದು ಕಟ್ಟಿಕೊಡ್ತೀನಿ, ಕಾಯ್ಲಿ."

"ಎಲ್ಲಿದೆ ಸೀಳು, ತೋರಿಸು ನೋಡೋಣ. ಅವರು ಈಗ ಬಂದೇಬಿಡ್ತಾರೆ, ಸುಮ್ನೆ ನನ್ನ ಮಾನ ತೆಗೀಬೇಡ."

"ಅಷ್ಟು ನಂಬಿಕೆ ಇದ್ರೆ ನೀನೇ ಹತ್ತು. ಆ ಇಳಿಜಾರು ಇಳಿದು ತೋರಿಸು."

ಸಿಟ್ಟಿನಲ್ಲಿ ಹಾಗೆಂದಳೇ ಹೊರತು ಅವನು ನಿಜಕ್ಕೂ ಹತ್ತುತ್ತಾನೆಂದು ಅವಳು ಅಂದುಕೊಂಡಿರಲಿಲ್ಲ. ತಮ್ಮ ಬಿಗುಮಾನದಿಂದ ಸೀಟಿನ ಮೇಲೆ ಕೂತು ಹೊರಟೇಬಿಟ್ಟ. ಏನಾದರೂ ಆದರೆ ಹಿಡಿದುಕೊಳ್ಳೋಣವೆಂದು ಅಕ್ಕ ಚಪ್ಪಲಿಯನ್ನೂ ಮೆಟ್ಟದೆ ಹಿಂದೆಯೇ ಓಡಿದಳು. ಸಮತಟ್ಟಾದ ರಸ್ತೆಯಲ್ಲಿ ಅವನು ಒಂದು ಕೈ ಬಿಟ್ಟು ಗಂಟೆಯನ್ನೂ ಬಾರಿಸಿದ.

ಇಳಿಜಾರು ಶುರುವಾಗುವಲ್ಲಿ ಪೆಡಲ್ ನಿಂತಿತು. ಕೆಳಗೆ ದೂರದಲ್ಲಿ ಆಸ್ಪತ್ರೆಯ ಗೇಟು ಕಾಣುತ್ತಿತ್ತು. ಅವನು ಅದನ್ನೇ ನೋಡುತ್ತ ಒಂದು ಕಾಲು ನೆಲಕ್ಕೆ ಕೊಟ್ಟ, ಆಮೇಲೆ ಇನ್ನೊಂದನ್ನೂ. ಕೊನೆಗೆ ಇಳಿದೇ ನಿಂತ. ಅಕ್ಕ ಏದುಸಿರು ಬಿಡುತ್ತ ಪಕ್ಕಕ್ಕೆ ಬಂದಳು.

ಅಷ್ಟರಲ್ಲಿ ನರ್ಸಮ್ಮ ಬೆವರೊರೆಸಿಕೊಳ್ಳುತ್ತ ಏರು ಹತ್ತಿ ಬಂದಳು. ಸೈಕಲ್ ಕಂಡು ಅವಳ ಮುಖ ಅರಳಿತು.

"ಅಯ್ಯೋ, ನೀವೇ ತಂದುಬಿಟ್ರಾ!" ಎಂದು ಹ್ಯಾಂಡಲ್ಲಿಗೆ ಕೈ ಹಾಕಿದಳು.

ತಮ್ಮ ತಲೆ ಎತ್ತಲಿಲ್ಲ. ಹಿಡಿದ ಹ್ಯಾಂಡಲ್ಲನ್ನು ಬಿಡಲೂ ಇಲ್ಲ.